ಅಳಿಸದೆ ಉಳಿದ ನಾಲ್ಕು ಬೆರಳು

ಆ ಫೋಟೋಗ್ರಾಫರ್‌ಗೆ ಒಂದು ಚಾಳಿ. ಎದುರಿಗೆ ಕೂತ ಗಂಡ ಹೆಂಡತಿಗೆ ‘ನಗಿ’ ಎಂದು ಅವನು ಯಾವತ್ತೂ ಹೇಳಿದವನಲ್ಲ. ಲೆನ್ಸ್ ಒರೆಸುತ್ತಾ, ಏನೂ ಅರಿಯದವನ ಹಾಗೆ, “ನಿಮ್ಮಿಬ್ರ ಮೊದಲ್ನೇ ಜಗಳ ಯಾವುದಕ್ಕೆ ಆಗಿದ್ದು?” ಎಂದು ಕೇಳಿಬಿಡುತ್ತಿದ್ದ. ಅಷ್ಟು ಸಾಕು. ಗಂಡ ಬಾಯಿ ತೆರೆಯುವ ಮೊದಲೇ ಹೆಂಡತಿ, “ಅಯ್ಯೋ, ಇವರನ್ನೇನು ಕೇಳ್ತೀರಿ, ನನ್ನ ಕೇಳಿ” ಎಂದು ಶುರು ಹಚ್ಚಿಕೊಳ್ಳುವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವರು. ಇವನು ಕ್ಲಿಕ್ ಮಾಡುವನು.

ಹನ್ನೊಂದು ತಿಂಗಳಿಂದ ಅವನು ಹೀಗೆ ಕೂರಿಸಿದ್ದು ಒಂದೇ ಬಗೆಯ ಜೋಡಿಗಳನ್ನು: ಗಂಡನದೊಂದು ಧರ್ಮ, ಹೆಂಡತಿಯದೊಂದು. ಒಟ್ಟು ಇಪ್ಪತ್ತಮೂರು ಜೋಡಿ. ಬರುವ ಭಾನುವಾರ ಲೈಬ್ರರಿಯ ಹಾಲ್‌ನಲ್ಲಿ ಪ್ರದರ್ಶನ. ಧರ್ಮ ಬೇರೆಯಾದ್ದರಿಂದ ಇವರ ಜಗಳವೂ ಭಾರೀ ಘನವಾದದ್ದಿರಬೇಕು ಎಂದು ನೀವು ಅಂದುಕೊಂಡಿದ್ದರೆ, ಸುಮ್ಮನಿರಿ ಸ್ವಾಮಿ. ಬಸ್ ಡ್ರೈವರ್ ಮತ್ತು ಅವನ ನರ್ಸ್ ಹೆಂಡತಿ ಮೊದಲು ಕಿತ್ತಾಡಿದ್ದು ಫ್ಯಾನು ಎರಡರಲ್ಲಿರಬೇಕೋ ಮೂರರಲ್ಲಿರಬೇಕೋ ಎಂದು. ಗಣಿತದ ಟೀಚರ್ ಹುಟ್ಟಿದ ಮನೆಯನ್ನೇ ಬಿಟ್ಟು ಬಂದಾಗ ಅಳದವಳು, ಗಂಡ ಹಾಸಿಗೆ ಮೇಲೆ ಒದ್ದೆ ಟವೆಲ್ ಎಸೆದದ್ದಕ್ಕೆ ಗೊಳೋ ಎಂದು ಅತ್ತಿದ್ದಳಂತೆ.

ಇಷ್ಟೆಲ್ಲ ಆದ ಮೇಲೆ ಫೋಟೋಗ್ರಾಫರ್‌ನ ಹೆಂಡತಿ ಒಂದು ಬೆಳಿಗ್ಗೆ, ಬಟ್ಟೆ ಹಿಂಡುತ್ತಾ ಕೇಳಿದಳು. “ಊರ ಜೋಡಿಗಳನ್ನೆಲ್ಲ ಕರೆದು ಕೂರಿಸಿದ್ರಿ. ನಿಮ್ಮ ಅಕ್ಕ, ಭಾವ ಏನು ಪಾಪ ಮಾಡಿದ್ರು?”

ಪಾಪ ಮಾಡಿದ್ದು ಅವರಲ್ಲ, ಇವನೇ.

ಮೂವತ್ತೊಂದು ವರ್ಷದ ಹಿಂದೆ ಅಕ್ಕ ಬೇರೆ ಧರ್ಮದ ಗಡಿಯಾರ ರಿಪೇರಿಯವನನ್ನು ಮದುವೆಯಾದಳು. ಅಪ್ಪ ಗೋಡೆ ಮೇಲಿದ್ದ ಮನೆಮಂದಿಯ ಫೋಟೋ ಕೆಳಗಿಳಿಸಿ, ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ ಮಗನ ಕೈಗೆ ಕೊಟ್ಟು, “ಇವಳನ್ನ ತೆಗೆ” ಎಂದ. ಬ್ರಷ್ಷು ಹಿಡಿದು ಫೋಟೋ ತಿದ್ದಿ, ತಿದ್ದಿದ್ದನ್ನೇ ಮತ್ತೆ ಫೋಟೋ ತೆಗೆಯುತ್ತಿದ್ದ ಕಾಲ ಅದು. ಹತ್ತೊಂಬತ್ತರ ಹುಡುಗ ಅಪ್ಪನಿಗೆ ಎದುರಾಡಲಿಲ್ಲ. ಅಕ್ಕ ನಿಂತಿದ್ದ ಕಡೆ ಒಂದು ಪರದೆ ಬರೆದ, ನೆರಿಗೆ ಸಮೇತ. ಆದರೆ ಅಕ್ಕನ ಕೈ ಅಮ್ಮನ ಹೆಗಲ ಮೇಲಿತ್ತಲ್ಲ, ಅದರ ನಾಲ್ಕು ಬೆರಳು ಉಳಿದುಬಿಟ್ಟವು. ಅವನ್ನು ಅಳಿಸಬೇಕಾದರೆ ಅಮ್ಮನ ಬಟ್ಟೆಯ ಚಿಕ್ಕ ಚಿಕ್ಕ ಹೂವನ್ನೆಲ್ಲ ಒಂದೊಂದಾಗಿ ಬರೆಯಬೇಕಿತ್ತು. ಸಿನಿಮಾಕ್ಕೆ ಹೊತ್ತಾಗಿತ್ತು, ಗೆಳೆಯರು ಹೊರಗೆ ಸೈಕಲ್ ಬೆಲ್ ಬಾರಿಸುತ್ತಿದ್ದರು. ‘ಯಾರು ನೋಡ್ತಾರೆ’ ಎಂದು ಬ್ರಷ್ಷು ತೊಳೆದಿಟ್ಟು ಎದ್ದುಹೋದ. ಅಪ್ಪ ನೋಡಲೂ ಇಲ್ಲ.

ಆಮೇಲೆ ಅಕ್ಕ ತಮ್ಮ ಎದುರುಬದುರಾದದ್ದು ಎರಡೇ ಸಲ, ಅಪ್ಪ ತೀರಿಕೊಂಡಾಗ, ಅಮ್ಮ ತೀರಿಕೊಂಡಾಗ. ಇನ್ನೂ ಮೀನ ಮೇಷ ಎಣಿಸಿದರೆ ಈ ಜನ್ಮಕ್ಕೆ ಆಗುವುದಿಲ್ಲ ಎಂದುಕೊಂಡು ಅವನು ಅವತ್ತೇ ಫೋನ್ ಮಾಡಿದ. ತೊದಲುತ್ತಾ ಪ್ರದರ್ಶನದ ಕತೆಯನ್ನೆಲ್ಲ ಹೇಳಿದ.

“ಎಷ್ಟು ಗಂಟೆಗೆ ಬರ್ಬೇಕು ಅಷ್ಟು ಹೇಳು ಪುಟ್ಟ” ಎಂದಳು ಅಕ್ಕ. ಐವತ್ತು ವರ್ಷದ, ಹೊಟ್ಟೆ ಬಂದ ಪುಟ್ಟ ಫೋನಿಟ್ಟು ಮೂಗೊರೆಸಿಕೊಂಡ.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಬಂದರು. ಗಡಿಯಾರದವರಲ್ಲವೇ, ಒಂದು ನಿಮಿಷ ಆಚೀಚೆ ಇಲ್ಲ. ಭಾವನ ಬಲಗಣ್ಣಿನ ಸುತ್ತ ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಬಿದ್ದ ಗೆರೆ. ಇಬ್ಬರೂ ಬೆಂಚಿನ ಮೇಲೆ ಕೂತರು. ಇವನು ದೀಪ ಸರಿಸಿದ, ಮತ್ತೆ ಸರಿಸಿದ. ಲೆನ್ಸ್ ಮೂರು ಸಲ ಒರೆಸಿದ. ಊರಿಗೆಲ್ಲ ಕೇಳಿದ ಪ್ರಶ್ನೆ ಇವರ ಮುಂದೆ ಬಾಯಿಂದ ಹೊರಡಲೇ ಇಲ್ಲ.

“ಯಾಕೋ, ನಮ್ಮ ಮೊದಲ್ನೇ ಜಗಳ ಕೇಳಲ್ವಾ? ಎಲ್ಲರಿಗೂ ಕೇಳ್ತೀಯಂತೆ” ಎಂದಳು ಅಕ್ಕ. “ನಾನೇ ಹೇಳ್ತೀನಿ. ಅದು ಆಗಿದ್ದೇ ನಿನ್ನಿಂದ.”

ಅವನು ಲೆನ್ಸ್ ಒರೆಸುವ ಬಟ್ಟೆ ಕೆಳಗಿಟ್ಟ.

“ನೀನು ತಿದ್ದಿದ ಫೋಟೋದ ಒಂದು ಕಾಪಿನ ಅಮ್ಮ ಗುಟ್ಟಾಗಿ ಕಳಿಸಿದ್ಲು. ನನ್ನ ಬೆರಳು ಹಾಗೇ ಇತ್ತು. ‘ನೋಡ್ರೀ, ಅಪ್ಪನಿಗೆ ಹೆದರಿ ಅಳಿಸಿದಾನೆ, ಪೂರ್ತಿ ಅಳಿಸೋಕೆ ನನ್ನ ತಮ್ಮನಿಗೆ ಮನಸ್ಸು ಬಂದಿಲ್ಲ’ ಅಂದೆ. ಇವರು ಭೂತಗನ್ನಡಿ ಇಟ್ಕೊಂಡು ನೋಡಿ, ‘ಪ್ರೀತಿನೂ ಇಲ್ಲ ಮಣ್ಣೂ ಇಲ್ಲ, ಇದು ಶುದ್ಧ ಮೈಗಳ್ಳತನ’ ಅಂದ್ರು. ಮೂರು ದಿನ ಮಾತು ಬಿಟ್ಟಿದ್ದೆ ನಾನು. ಇವತ್ತಿಗೂ ಆ ಜಗಳ ಮುಗಿದಿಲ್ಲ. ಈಗ ನೀನೇ ಹೇಳು, ಯಾರು ಸರಿ?”

ನೀನೇ ಸರಿ ಅಕ್ಕ ಎಂದುಬಿಟ್ಟರೆ ಮುಗಿಯಿತು. ಅಕ್ಕನಿಗೂ ಖುಷಿ, ಇವನಿಗೂ ಬಿಡುಗಡೆ. ಮಾತು ನಾಲಿಗೆ ತುದಿಯವರೆಗೂ ಬಂತು. ಆದರೆ ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸುಳ್ಳು ಹೇಳಿದರೆ ಅವಳ ಮೇಲೆ ಇನ್ನೊಂದು ಸಲ ಬಣ್ಣ ಬಳಿದಂತೆ ಎಂದು ಅವನಿಗೆ ಅನ್ನಿಸಿತು.

“ಭಾವನೇ ಸರಿ, ಅಕ್ಕಾ” ಎಂದ. “ಸಿನಿಮಾಕ್ಕೆ ಹೊತ್ತಾಗಿತ್ತು. ಪ್ರೀತಿ ಅಲ್ಲ, ಸೋಮಾರಿತನ. ನನ್ನ ಕ್ಷಮಿಸಿಬಿಡು.”

ಅಕ್ಕನ ಮುಖ ಸಣ್ಣಗಾಯಿತು. ಮೂವತ್ತೊಂದು ವರ್ಷ ಹಿಡಿದುಕೊಂಡಿದ್ದನ್ನು ತಮ್ಮ ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದ. ಅವಳು ಬೆಂಚಿನ ಅಂಚು ಹಿಡಿದಳು. ಎದ್ದು ಹೊರಟೇ ಹೋಗುತ್ತಾಳೆ ಎಂದುಕೊಂಡ ಇವನು.

ಆಗ ಭಾವ ಗಡಬಡಿಸಿ ಬಾಯಿ ಹಾಕಿದರು. “ಏ, ಇಲ್ಲ ಕಣೇ! ಅವನಿಗೆಲ್ಲಿ ನೆನಪಿರುತ್ತೆ, ಚಿಕ್ಕ ಹುಡುಗ ಆಗ. ಬೇಕಂತಲೇ ಬಿಟ್ಟಿದ್ದು ಅದು. ಯಾರು ನೋಡಿದ್ರೂ ಗೊತ್ತಾಗುತ್ತೆ. ನಾನು ಗಡಿಯಾರದವನು, ನನಗೆ ಫೋಟೋ ವಿಷಯ ಏನು ತಿಳಿಯುತ್ತೆ? ಸುಮ್ನೆ ಹಟಕ್ಕೆ ಹೇಳಿದ್ದೆ.”

ಅಕ್ಕ ಮೆಲ್ಲಗೆ ತಿರುಗಿ ಗಂಡನ ಮುಖ ನೋಡಿದಳು. ಆ ನೋಟ ಇಪ್ಪತ್ತಮೂರು ಜೋಡಿಯಲ್ಲಿ ಒಂದರಲ್ಲೂ ಅವನಿಗೆ ಸಿಕ್ಕಿರಲಿಲ್ಲ. ಇವನ ಬೆರಳು ತಾನಾಗಿಯೇ ಒತ್ತಿತು.

“ಅಲ್ರೀ, ಇಷ್ಟು ವರ್ಷ ವಾದ ಮಾಡಿ, ಗೆದ್ದ ದಿನಾನೇ ಸೋಲ್ತೀರಲ್ರೀ!” ಎಂದಳು ಅಕ್ಕ. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ಕಣ್ಣೊರೆಸಿಕೊಂಡು ತಮ್ಮನ ಕಡೆ ತಿರುಗಿ, “ಆ ಸಿನಿಮಾನಾದ್ರೂ ಚೆನ್ನಾಗಿತ್ತೇನೋ?” ಎಂದು ಕೇಳಿದಳು.

“ದರಿದ್ರವಾಗಿತ್ತು ಅಕ್ಕಾ. ಅರ್ಧಕ್ಕೇ ಎದ್ದು ಬಂದ್ವಿ.”

“ಹಾಗೇ ಆಗ್ಬೇಕು ನಿನಗೆ!” ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕ ಎದ್ದು ಬಂದು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತನ್ನ ಮುಖ ನೋಡಿದಳು. ನರೆತ ಕೂದಲು, ಕಣ್ಣ ಕೆಳಗಿನ ಕಪ್ಪು, ಕೆನ್ನೆಯ ನೀರು, ಎಲ್ಲ ಇತ್ತು.

ಅವನು ಸಂಕೋಚದಿಂದ, “ಕಣ್ಣ ಕೆಳಗೆ ಸ್ವಲ್ಪ ತಿದ್ದಿ ಕೊಡ್ಲಾ ಅಕ್ಕಾ?” ಎಂದ.

“ಮುಟ್ಟಿದ್ರೆ ನೋಡು!” ಎಂದಳು ಅಕ್ಕ, ಅವನ ಕಿವಿ ಹಿಂಡಿ. “ಈ ಸಲನೂ ಸೋಮಾರಿಯಾಗೇ ಇರು.”