ಬಚ್ಚಲುಮನೆಯ ಕತ್ತಿ

ನಮ್ಮೆಜಮಾನರಿಗೆ ಹೋದ ತಿಂಗಳವರೆಗೂ ಪ್ಲಾಸ್ಟಿಕ್ ರೇಜರ್ ಸಾಕಾಗಿತ್ತು. ಈರುಳ್ಳಿ ತನ್ನಿ ಎಂದು ಮಾರ್ಕೆಟ್ಟಿಗೆ ಕಳಿಸಿದ ಒಂದು ದಿನ, ಈರುಳ್ಳಿ ಮರೆತು ಕ್ಷೌರದ ಕತ್ತಿ ತಂದರು. ಹಳೇ ಕಾಲದ್ದು, ಹಿಡಿಯೊಳಗೆ ಮಡಚಿಕೊಳ್ಳುವಂಥದ್ದು.

“ಈರುಳ್ಳಿ ಎಲ್ಲಿ?” ಎಂದೆ.

“ಇನ್ಮೇಲೆ ಇದರಲ್ಲೇ ಗಡ್ಡ ಮಾಡ್ಕೊಳ್ಳೋದು” ಎಂದರು.

ನಾನು ಕೇಳುವುದು ಒಂದು, ಇವರು ಹೇಳುವುದು ಇನ್ನೊಂದು. ಮದುವೆಯಾದಾಗಿನಿಂದ ನಮ್ಮ ಮಾತುಕತೆ ಹೀಗೇ ನಡೆದು ಬಂದಿದೆ. ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗಿನ್ನೂ ಅರವತ್ತಾಗಿಲ್ಲ. ಯಾವ ಕೆಲಸವನ್ನೂ ಹೇಳಿದ ದಿನಕ್ಕೆ ಮುಗಿಸದ ಮನುಷ್ಯ ಇದೊಂದರಲ್ಲಿ ಮುಂಚಿತವಾಗಿ ಬಂದಿದ್ದಾರೆ ಅಂದುಕೊಂಡೆ.

ಇವರು ಅಂಗಡಿಗಳ ಬೋರ್ಡ್ ಬರೆಯುವವರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಹರಿತದ ಸಾಮಾನು ನಮ್ಮ ಮನೆಗೆ ಹೊಸದೇನಲ್ಲ. ಆದರೆ ಅದನ್ನು ಯಾರೂ ಕತ್ತಿನ ಹತ್ತಿರ ಒಯ್ದಿರಲಿಲ್ಲ.

ಮೊದಲ ದಿನ ಗಡ್ಡ ಮಾಡಿಕೊಂಡದ್ದಲ್ಲ, ಮುಖದ ಮೇಲೆ ಬೋರ್ಡ್ ಬರೆದದ್ದು. ಹಳೇ ಬೆಲ್ಟಿನ ಮೇಲೆ ಕತ್ತಿ ಮಸೆದು, ನಾನು ಬಟ್ಟೆಗೆ ಗುರುತು ಹಾಕುವ ಚಾಕ್ ಬಿಲ್ಲೆ ತೆಗೆದುಕೊಂಡು ಕಿವಿಯ ಪಕ್ಕ ನೆಟ್ಟಗೆ ಗೆರೆ ಎಳೆದರು. ಬೋರ್ಡ್ ಬರೆಯುವಾಗ ಕೈ ಅಲ್ಲಾಡಬಾರದೆಂದು ಎಡಗೈಯಲ್ಲಿ ಒಂದು ಕೋಲು ಅಡ್ಡ ಹಿಡಿದು ಅದರ ಮೇಲೆ ಬಲಗೈ ಊರಿಕೊಳ್ಳುತ್ತಾರೆ. ಆ ಕೋಲೂ ಬಚ್ಚಲಿಗೆ ಹೋಯಿತು. ಅದರ ತುದಿಯನ್ನು ಕನ್ನಡಿಗೆ ಒತ್ತಿ, ಮಣಿಕಟ್ಟನ್ನು ಕೋಲಿನ ಮೇಲಿಟ್ಟು ಶುರು ಮಾಡಿದರು. ಹೊರಗೆ ಬಂದಾಗ ಗಾಯಗಳಿಗೆಲ್ಲ ಪೇಪರ್ ಚೂರು ಅಂಟಿಸಿಕೊಂಡಿದ್ದರು.

“ಏನ್ರೀ ಇದು, ಇವತ್ತಿನದಾ ನಿನ್ನೆದಾ ಪೇಪರು?” ಎಂದೆ.

ದಿನಾ ಇದೇ ಆಯಿತು. ಟವೆಲ್ಲುಗಳನ್ನು ನೆನೆಹಾಕಿ ಉಜ್ಜುವವಳು ನಾನು. ಹೊಲಿಯಲು ಕೊಟ್ಟ ಬಟ್ಟೆ ಒಯ್ಯಲು ಬಂದ ನಾದಿನಿ ಅಣ್ಣನನ್ನು ನೋಡಿ ನನ್ನನ್ನು ಮೂಲೆಗೆ ಕರೆದಳು.

“ಅತ್ತಿಗೆ, ಈ ವಯಸ್ಸಲ್ಲಿ ಗಂಡಸರು ಕನ್ನಡಿ ಮುಂದೆ ಜಾಸ್ತಿ ನಿಂತ್ರೆ ಹುಷಾರಾಗಿರ್ಬೇಕು.”

“ನಿಮ್ಮಣ್ಣನ ಮುಖ ನೋಡಿದ್ಯಾ? ಬೆಕ್ಕಿನ ಜೊತೆ ಜಗಳ ಆಡಿದಂಗಿದೆ. ಇನ್ನೊಬ್ಬಳು ಯಾರಾದ್ರೂ ಇದ್ರೂ ಮೊದಲು ಮುಲಾಮು ತಗೊಂಡು ಬರ್ತಾಳೆ ಬಿಡು” ಎಂದೆ.

ಆ ಶನಿವಾರ ಬೇಕರಿಯವನು ಬಂದು ಕೂತ. ಬೇಕರಿಯ ಎರಡಂತಸ್ತಿನ ಗೋಡೆಯ ತುಂಬ ಹೆಸರು ಬರೆಸಬೇಕಂತೆ. ಇಂಥ ಕೆಲಸವೆಂದರೆ ಇವರು ಊಟದ ತಟ್ಟೆ ಬಿಟ್ಟು ಏಳುವವರು. ಅವತ್ತು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ “ಸೋಮವಾರ ಹೇಳ್ತೀನಿ” ಎಂದು ಅವನನ್ನು ಕಳಿಸಿ ಸೀದಾ ಬಚ್ಚಲಿಗೆ ಹೋದರು. ಬೆಳಿಗ್ಗೆ ತಾನೇ ಗಡ್ಡ ಮಾಡಿಕೊಂಡಿದ್ದರು. ನಾನು ಹಿಂದೆಯೇ ಹೋಗಿ ಬಾಗಿಲು ತಳ್ಳಿದೆ.

ಕತ್ತಿ ಎತ್ತಿ ಹಿಡಿದುಕೊಂಡು ಕನ್ನಡಿ ನೋಡುತ್ತಿದ್ದರು. ನೋಡುತ್ತಿದ್ದದ್ದು ಮುಖವನ್ನಲ್ಲ, ಕೈಯನ್ನು. ಕೈ ನಡುಗುತ್ತಿತ್ತು.

“ಯಾವಾಗಿಂದ?” ಎಂದೆ.

“ಚಪ್ಪಲಿ ಅಂಗಡಿ ಬೋರ್ಡಿಂದ. ಕೊನೇ ಅಕ್ಷರದ ಬಾಲ ಅಲ್ಲಾಡಿಬಿಡ್ತು ಕಣೇ. ಆ ಅಂಗಡಿಯವನು ನೋಡಿ, ‘ಆಹಾ, ಸ್ಟೈಲಾಗಿದೆ ಪೇಂಟರೇ’ ಅಂದ.” ಅವನು ಬೈದಿದ್ದರೂ ಇವರಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

“ಅದಕ್ಕೂ ಕತ್ತಿಗೂ ಏನ್ ಸಂಬಂಧ?”

“ಬ್ರಷ್ ಸುಳ್ಳು ಹೇಳತ್ತೆ. ತಪ್ಪಿದ್ರೆ ಒರೆಸಿ ಬರೀಬಹುದು, ಯಾರಿಗೂ ಗೊತ್ತಾಗಲ್ಲ. ಇದನ್ನ ಒರೆಸಕ್ಕಾಗಲ್ಲ. ಒಂದು ದಿನ ಗಾಯ ಇಲ್ದೆ ಗಡ್ಡ ಮುಗಿದ್ರೆ ಬೇಕರಿ ಗೋಡೆ ಒಪ್ಕೊಳ್ತೀನಿ.”

“ಮುಗೀದಿದ್ರೆ?”

ಗಾಯಕ್ಕೆ ಹಚ್ಚುವ ಪಟಿಕದ ಗಟ್ಟಿ ತೆಗೆದು ಕೆನ್ನೆಗೆ ಉಜ್ಜಿಕೊಳ್ಳತೊಡಗಿದರು.

ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ಬಯ್ಯುವುದು ನನ್ನ ಅಭ್ಯಾಸ. “ಊರಲ್ಲಿ ಡಾಕ್ಟರ್ ಅಂತ ಒಬ್ರು ಇರ್ತಾರೆ, ಕೇಳಿದ್ದೀರಾ? ಕೈ ಹೆಂಗಿದೆ ನೋಡಕ್ಕೆ ಕತ್ತು ಕುಯ್ಕೊಳ್ಳೋರನ್ನ ನಾನೆಲ್ಲೂ ಕಾಣೆ!”

“ಕೈ ಸರಿಯಾಗೇ ಇದೆ. ಕೋಲು ಜಾರತ್ತೆ ಅಷ್ಟೇ.”

“ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ” ಎಂದು ಬಂದುಬಿಟ್ಟೆ.

ಸೋಮವಾರ ಬೆಳಿಗ್ಗೆ ಗಲ್ಲದ ಕೆಳಗೆ ಪೇಪರ್ ಚೂರು ಇತ್ತು, ಕೈಯಲ್ಲಿ ಫೋನ್ ಇತ್ತು. “ಒಂದೇ ಒಂದು, ಚಿಕ್ಕದು. ಇದು ಲೆಕ್ಕಕ್ಕಿಲ್ಲ. ಬೇಕರಿಯವನಿಗೆ ಹೂಂ ಅಂತೀನಿ” ಎಂದರು. ಎರಡಂತಸ್ತಿನ ಎತ್ತರ, ಹತ್ತಿ ನಿಲ್ಲುವ ಬಿದಿರಿನ ಅಟ್ಟಣಿಗೆ, ಆ ಕೈ. ನಾನು ಬಚ್ಚಲಿಗೆ ಸ್ಟೂಲ್ ಎಳೆದು, ಕೂದಲು ಮೇಲೆ ಕಟ್ಟಿ, ತಲೆ ಬಗ್ಗಿಸಿ ಕೂತೆ.

“ನನ್ನ ಕತ್ತಿನ ಹಿಂದೆ ಸಣ್ಣ ಕೂದಲು ಬೆಳೆದಿದೆ. ತೆಗೀರಿ.”

“ನಿಂಗೇನು ಹುಚ್ಚಾ?”

“ಕೈ ಸರಿಯಾಗಿದೆ ಅಂದ್ರಲ್ಲ.”

ಕತ್ತಿಗೆ ನೊರೆ ಹಚ್ಚಿದರು. ಕತ್ತಿ ಬಿಚ್ಚಿದ ಸದ್ದು ಕೇಳಿತು. ನಲ್ಲಿ ತೊಟ್ಟಿಕ್ಕುತ್ತಿತ್ತು. ಧೈರ್ಯವಂತೆ ಅಂತ ಯಾರೂ ತಿಳಿಯಬೇಡಿ. ಕತ್ತಿ ತಾಗಿದ್ದರೆ ನಾನು ಎದ್ದು ಓಡುತ್ತಿದ್ದೆ. ತಾಗಲಿಲ್ಲ. ಕತ್ತಿ ಮತ್ತೆ ಮಡಚಿಕೊಂಡಿತು.

“ಬೇಡ ಕಣೇ” ಎಂದರು. ಇಷ್ಟು ದಿನ ತಮ್ಮ ಕುತ್ತಿಗೆಗೆ ಏನಾದೀತೆಂದು ಹೆದರದವರು ನನ್ನ ಕುತ್ತಿಗೆಗೆ ಹೆದರಿದರು. ಟವೆಲ್ಲಿನಿಂದ ನನ್ನ ಕತ್ತು ತಾವೇ ಒರೆಸಿದರು. ಆಮೇಲೆ ಬೇಕರಿಯವನಿಗೆ ಫೋನ್ ಮಾಡಿ, “ನನ್ನ ಕೈಲಾಗಲ್ಲಪ್ಪ. ಕೈ ನಡುಗತ್ತೆ” ಎಂದರು. ಹಾಗಾದರೆ ಫ್ಲೆಕ್ಸ್ ಹಾಕಿಸಿಬಿಡ್ತೀನಿ ಎಂದನಂತೆ ಅವನು. “ಹಾಕ್ಸಿ” ಎಂದರು. ಬೋರ್ಡ್ ಬರೆಯುವವರ ಕೆಲಸ ಕಸಿದ ಆ ಫ್ಲೆಕ್ಸ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ನನಗೆ ಅಳು ಬಂತು. ಹೋಗಿ ಹೊಲಿಗೆ ಮೆಷೀನ್ ತುಳಿದೆ. ಆ ಸದ್ದಿನಲ್ಲಿ ಮೂಗು ಸೇದುವುದು ಕೇಳಿಸುವುದಿಲ್ಲ.

ಮಾರನೆಯ ದಿನ ಡಾಕ್ಟರ ಹತ್ತಿರ ಹೊರಡಬೇಕಿತ್ತು. ಇವರದು ಹೊಸ ತಕರಾರು: ಗಡ್ಡ ಬಿಟ್ಟುಕೊಂಡು ಬರುವುದಿಲ್ಲವಂತೆ. ಪ್ಲಾಸ್ಟಿಕ್ ರೇಜರುಗಳನ್ನೆಲ್ಲ ಕತ್ತಿ ತಂದ ದಿನವೇ ಎಸೆದಿದ್ದರು. ನಾನು ಅದೇ ಸ್ಟೂಲಿನ ಮೇಲೆ ಅವರನ್ನು ಕೂರಿಸಿ ಕತ್ತಿ ತೆಗೆದುಕೊಂಡೆ.

“ನಿಂಗೆ ಬರಲ್ಲ” ಎಂದರು.

“ನಿಮಗೆ ಬರ್ತಿತ್ತಾ?”

ಬಟ್ಟೆಗೆ ಕತ್ತರಿ ಹಾಕುವಾಗ ಎಡಗೈಯಲ್ಲಿ ಎಳೆದು ಹಿಡಿಯುತ್ತೇವಲ್ಲ, ಹಾಗೆ ಕೆನ್ನೆಯನ್ನು ಎಳೆದು ಹಿಡಿದೆ. ಕತ್ತಿ ಸರಾಗ ಇಳಿಯಿತು. ಇಷ್ಟು ದಿನ ಇವರ ಎಡಗೈ ಕೋಲು ಹಿಡಿದಿತ್ತು; ಕೆನ್ನೆ ಹಿಡಿಯುವವರೇ ಇರಲಿಲ್ಲ.

“ಎಳೆದು ಹಿಡ್ಕೋಬೇಕಾ?” ಎಂದರು. ಮುಖ ಅರಳಿತು. “ಅಂದ್ರೆ ಗಾಯ ಆಗಿದ್ದು ಅದಕ್ಕೇನಾ? ಕೈಯಿಂದ ಅಲ್ವಾ?”

ನಾನು ಕತ್ತಿಯ ನೊರೆ ತೊಳೆದೆ. ಅವರೇ ತಲೆ ತಗ್ಗಿಸಿ ನೋಡಿದರು. ಬಲಗೈ ತೊಡೆಯ ಮೇಲಿತ್ತು. ಕತ್ತಿಯಿಲ್ಲ, ಬ್ರಷ್ಷಿಲ್ಲ, ಸುಮ್ಮನೆ ಕೂತಲ್ಲೇ ನಡುಗುತ್ತಿತ್ತು. ಎಡಗೈಯನ್ನು ತಂದು ಅದರ ಮೇಲೆ ಮುಚ್ಚಿಟ್ಟರು. ಆಮೇಲೆ ಮುಖ ಎತ್ತಿ ಇನ್ನೊಂದು ಕೆನ್ನೆ ಕೊಟ್ಟರು.

ಒಂದು ಗಾಯವೂ ಆಗದೆ ಮುಗಿಯಿತು. ಎದ್ದು ಕನ್ನಡಿಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, ಬೋರ್ಡ್ ನೋಡುವ ಹಾಗೆ ನೋಡಿಕೊಂಡರು.

“ಎಡಗಡೆ ಕಿವಿ ಪಕ್ಕದ ಗೆರೆ ಸೊಟ್ಟಗಿದೆ” ಎಂದರು.

ನಾನೂ ಬಗ್ಗಿ ನೋಡಿದೆ. ಸೊಟ್ಟಗೇ ಇತ್ತು.

“ಸ್ಟೈಲಾಗಿದೆ, ನಡೀರಿ” ಎಂದೆ.