ಸಡಿಲ ಸಾಲುಗಳು

ಬಣ್ಣದಕ್ಕನ ನೂಲಿನಂಗಡಿಗೆ ರಿಪೇರಿ ತಂದವರು ಯಾರೇ ಇರಲಿ, ಒಂದು ಪರೀಕ್ಷೆಗೆ ಕೂರಲೇಬೇಕಿತ್ತು. ಹೊಸ ನೂಲು ಸೇರಿಸಿ ಮುಗಿಸಿದ ಸ್ವೆಟರನ್ನು ಗಿರಾಕಿಯ ಮುಂದೆ ಹರವಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಜೋಡಣೆ ಎಲ್ಲಿದೆ ತೋರಿಸಿ ನೋಡೋಣ" ಎನ್ನುತ್ತಿದ್ದಳು. ಗಿರಾಕಿ ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಗೆ ಗೊತ್ತಾಗಲಿಲ್ಲ ಎಂದು ಕೈಚೆಲ್ಲಿದರೆ ಮಾತ್ರ ಅವಳಿಗೆ ಅವತ್ತಿನ ಊಟ ಮೈಗೆ ಹತ್ತುತ್ತಿತ್ತು. ಜಂಬವೇ? ಜಂಬವೇ ಅನ್ನಿ. ಕೈಯಲ್ಲಿ ಹಾಕಿದ ಬಣ್ಣ ಒಂದು ಹಂಡೆಯಲ್ಲಿ ಬಂದ ಹಾಗೆ ಇನ್ನೊಂದರಲ್ಲಿ ಬರುವುದಿಲ್ಲ. ನೀರು ಅದೇ, ಪುಡಿ ಅದೇ, ಕೈ ಅದೇ, ಬಣ್ಣ ಮಾತ್ರ ಅದೇ ಅಲ್ಲ. ಅಂಥ ಎರಡು ನೂಲನ್ನು ಯಾರ ಕಣ್ಣಿಗೂ ಬೀಳದಂತೆ ಕೂಡಿಸುವವಳು ಸ್ವಲ್ಪ ಜಂಬ ಪಟ್ಟರೆ ಯಾರ ಗಂಟೇನು ಹೋಯಿತು?

ಅವಳ ಗಂಡ ಮರದ ಕೆಲಸದವನು. ಅಂಗಡಿಯ ಮುಂಭಾಗದ ಗಾಜಿನ ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ಅವನು ಕಡೆದ ಸಾಮಾನು. ಹೆಣಿಗೆ ಕಡ್ಡಿಗಳು, ಕೊಕ್ಕೆಗಳು, ಕಡ್ಡಿಯ ದಪ್ಪ ಅಳೆಯುವ ತೂತುಗಳ ಪುಟ್ಟ ಹಲಗೆ, ಲಡಿ ಹಾಕಿ ನೂಲು ಬಿಚ್ಚಿಕೊಳ್ಳಲು ಛತ್ರಿಯ ಹಾಗೆ ಅರಳಿ ತಿರುಗುವ ಚೌಕಟ್ಟು. ಮಾತಿನಲ್ಲಿ ಮಹಾ ಜಿಪುಣ. "ಇವರ ಬಾಯಿಂದ ಮಾತು ತೆಗೀಬೇಕಾದ್ರೆ ಅದಕ್ಕೂ ಒಂದು ಕೊಕ್ಕೆ ಬೇಕು" ಎಂದು ಅವಳು ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಿದ್ದಳು. ಅವನು ಮುಗುಳ್ನಕ್ಕು ಕಡ್ಡಿಯ ತುದಿಗೆ ಮರಳು ಕಾಗದ ಉಜ್ಜುತ್ತಿದ್ದ.

ಒಂದು ಬೆಳಿಗ್ಗೆ ಡ್ರೈವರಣ್ಣ ಬಂದರು. ಬಸ್ಸು ಓಡಿಸಿ ನಿವೃತ್ತರಾದವರು. ಅವರ ಹೆಂಡತಿ ಈ ಅಂಗಡಿಯ ಹಳೆಯ ಗಿರಾಕಿ. ಆಕೆ ತೀರಿಹೋದ ಸುದ್ದಿ ಬಣ್ಣದಕ್ಕನ ಕಿವಿಗೂ ಬಿದ್ದಿತ್ತು. ಹೋಗಿ ಮಾತಾಡಿಸಿ ಬರಬೇಕು ಎಂದುಕೊಂಡದ್ದು ಇವತ್ತು ನಾಳೆ ಎನ್ನುತ್ತ ಹಾಗೇ ಉಳಿದಿತ್ತು. ಈಗ ಆ ಮನುಷ್ಯ ಬಾಗಿಲಲ್ಲಿ ನಿಂತಿದ್ದನ್ನು ಕಂಡು ಅವಳ ಮುಖ ಚಿಕ್ಕದಾಯಿತು. ಆ ಮುಜುಗರ ಮುಚ್ಚಿಕೊಳ್ಳಲು ಅವಳು ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದಳು.

ಅವರು ಬಟ್ಟೆಯ ಚೀಲದಿಂದ ಸ್ವೆಟರ್ ಹೊರತೆಗೆದರು. ಬೆನ್ನು, ಎದೆ, ಒಂದು ತೋಳು ಮುಗಿದಿತ್ತು. ಇನ್ನೊಂದು ತೋಳು ಮೊಣಕೈ ದಾಟಿ ನಿಂತಿತ್ತು, ಕಡ್ಡಿ ಇನ್ನೂ ಅದರಲ್ಲೇ ಇತ್ತು, ನೂಲಿನ ಸಣ್ಣ ಉಂಡೆ ಜೋತಾಡುತ್ತಿತ್ತು. ಮೋಡ ಕವಿದ ಆಕಾಶದ ಬೂದು ನೀಲಿ. ತನ್ನದೇ ಹಂಡೆಯಿಂದ ಎದ್ದ ಬಣ್ಣ ಎಂದು ಬಣ್ಣದಕ್ಕನಿಗೆ ನೋಡಿದ ತಕ್ಷಣ ಗೊತ್ತಾಯಿತು.

"ನಂಗೇ ಅಂತ ಹಾಕ್ತಿದ್ಲು. ಬೆಳಗಿನ ಡ್ಯೂಟಿನೇ ಇಲ್ಲ, ಇನ್ನು ಸ್ವೆಟರ್ ಯಾಕೆ ಅಂದ್ರೆ ಕೇಳ್ಬೇಕಲ್ಲ," ಅಂದರು ಡ್ರೈವರಣ್ಣ. "ನೂಲು ಸಾಲಲ್ಲ ಅಂತ ಅವಳೇ ಹೇಳಿದ್ಲು. ಇದೇ ಬಣ್ಣ ಬೇಕು. ಉಳಿದದ್ದನ್ನ ನೀವೇ ಮುಗಿಸಿ ಕೊಡ್ತೀರಾ ಅಮ್ಮಾ?"

"ಕೊಡದೆ ಏನಣ್ಣಾ. ಅವರ ಕೆಲಸ ಮಾಡಿಕೊಡದೆ ಇನ್ಯಾರ ಕೆಲಸ ಮಾಡ್ಕೊಡ್ಲಿ."

"ಕಡ್ಡಿ ಹಾಗೇ ಇದೆ. ನಾನು ತೆಗ್ದಿಲ್ಲ. ಅದು, ಕೊನೇಲಿ ಏನಾಗಿತ್ತು ಅಂದ್ರೆ..."

"ಗೊತ್ತಾಯ್ತಣ್ಣಾ, ಎಲ್ಲಾ ಗೊತ್ತಾಯ್ತು. ಇನ್ನು ನನಗೆ ಬಿಡಿ. ಅವರು ಎಲ್ಲಿ ನಿಲ್ಲಿಸಿದ್ರು ಅಂತ ನಿಮಗೇ ತಿಳೀಬಾರದು, ಹಾಗೆ ಮಾಡಿ ಕೊಡ್ತೀನಿ."

ಡ್ರೈವರಣ್ಣ ತೆರೆದ ಬಾಯಿ ಮುಚ್ಚಿಕೊಂಡರು. ಸ್ವೆಟರಿನ ಮೇಲೆ ಒಮ್ಮೆ ಕೈಯಿಟ್ಟು, ತೆಗೆದು, ಹೊರಟುಹೋದರು. ಎಲ್ಲಾ ಗೊತ್ತಾಯ್ತಂತೆ. ಗೊತ್ತಾಗಿದ್ದು ಮಣ್ಣು.

ಬಣ್ಣದಕ್ಕ ಆ ಕೆಲಸಕ್ಕೆ ಮೈಯೆಲ್ಲ ಕಣ್ಣಾಗಿ ಕೂತಳು, ಅದರಲ್ಲಿ ಸುಳ್ಳಿಲ್ಲ. ಹಿತ್ತಲ ಕೋಣೆಯಲ್ಲಿ ಹಂಡೆ ಇಟ್ಟು, ಬಿಳಿ ಲಡಿಯನ್ನು ನೆನೆಸಿ, ನೀಲಿಗೆ ಚಿಟಿಕೆ ಕಪ್ಪು, ಚಿಟಿಕೆಗಿಂತ ಕಡಿಮೆ ಕಂದು ಸೇರಿಸಿ, ಕೋಲಿನಿಂದ ಮೆಲ್ಲಗೆ ಮಗುಚಿದಳು. ಮೊದಲನೆಯದು ಹಸಿರಿಗೆ ತಿರುಗಿತು, ಅದನ್ನು ಮೂಲೆಗೆ ಎಸೆದಳು. ಎರಡನೆಯದು ಒಣಗಿದ ಮೇಲೆ ಪರವಾಗಿಲ್ಲ ಅನ್ನಿಸಿತು, ಅವಳಿಗೆ ಪರವಾಗಿಲ್ಲ ಸಾಲದು. ಮೂರನೆಯದನ್ನು ಕಿಟಕಿಯ ಬೆಳಕಿನಲ್ಲಿ ತೋಳಿನ ಪಕ್ಕ ಹಿಡಿದಾಗ ಕೂದಲೆಳೆಯಷ್ಟೇ ಅಂತರ ಉಳಿದಿತ್ತು. ಆ ಅಂತರವನ್ನು ನುಂಗಿಸುವ ವಿದ್ಯೆ ಹೆಣಿಗೆಯದು. ಎರಡು ಸಾಲು ಹಳೆಯ ನೂಲು, ಎರಡು ಸಾಲು ಹೊಸದು, ಹೀಗೆ ಒಂದರ ಮೇಲೊಂದು ಹಾಕುತ್ತ ಹೋದರೆ ಗೆರೆ ಕಾಣುವುದಿಲ್ಲ. ಅದಕ್ಕೆ ಹಳೆಯ ನೂಲು ಸ್ವಲ್ಪ ಜಾಸ್ತಿಯೇ ಬೇಕು. ಬೇಕಾದರೆ ಹೆಣೆದದ್ದನ್ನೇ ಕೊಂಚ ಬಿಚ್ಚಿಕೊಳ್ಳಬೇಕು.

ಬಿಚ್ಚಲು ಇನ್ನೊಂದು ಕಾರಣವೂ ಅವಳಿಗೆ ಕಂಡಿತು. ತೋಳಿನ ಕೊನೆಯ ಭಾಗ, ಅಂಗೈ ಅಗಲದಷ್ಟು, ತೀರಾ ಸಡಿಲವಾಗಿತ್ತು. ಒಂದು ಕುಣಿಕೆ ಹಿಗ್ಗಿ ಬೆರಳು ತೂರುವಷ್ಟಿದ್ದರೆ ಪಕ್ಕದ್ದು ಕುಗ್ಗಿ ಕೂತಿತ್ತು. ಗಂಡನ ತೂತಿನ ಹಲಗೆಗೆ ಕಡ್ಡಿ ತೂರಿಸಿ ನೋಡಿದಳು. ಕಡ್ಡಿ ಬದಲಾಗಿರಲಿಲ್ಲ. ಬದಲಾದದ್ದು ಕೈ.

"ರೀ, ನೋಡಿ ಇಲ್ಲಿ. ಪಾಪ, ಕೈ ಎಷ್ಟು ಸೋತಿತ್ತು ಆಯಮ್ಮಂಗೆ," ಅಂದಳು.

ಅವನು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದ. "ಬಿಚ್ಚೋಕ್ಮುಂಚೆ ಅವರನ್ನ ಒಂದ್ಮಾತು ಕೇಳು."

"ಏನ್ ಕೇಳೋದು, ಹೆಣಿಗೆ ಗೊತ್ತಿಲ್ದೋರ್ನ? ಆಯಮ್ಮನ ಕೈ ಎಷ್ಟು ಚೆಂದ ಇತ್ತು ಗೊತ್ತಾ ನಿಮಗೆ? ಅಚ್ಚು ಹಾಕಿದ ಹಾಗಿರ್ತಿತ್ತು. ಈ ಸೊಟ್ಟನ್ನ ಹಾಗೇ ಬಿಟ್ಟು, ನೋಡ್ದೋರ ಹತ್ರ ಅವರ ಹೆಸರು ಕೆಡಿಸ್ಲಾ?"

ಅವನು ಮತ್ತೆ ಮಾತಾಡಲಿಲ್ಲ. ಮಾತಾಡಬೇಕಿತ್ತು ಎಂದು ಆಮೇಲೆ ಅವನಿಗೂ ಅನ್ನಿಸಿತು, ಆದರೆ ಕೊಕ್ಕೆ ಹಾಕಿ ಎಳೆಯುವವರು ಯಾರೂ ಇರಲಿಲ್ಲ.

ಅವಳು ಕಡ್ಡಿ ತೆಗೆದು ಎಳೆದಳು. ಸಡಿಲ ಸಾಲುಗಳು ಸರಸರನೆ ಬಿಚ್ಚಿಕೊಂಡವು. ಹೆಣೆದು ಬಿಚ್ಚಿದ ನೂಲು ನೆಟ್ಟಗಿರುವುದಿಲ್ಲ, ಅದರಲ್ಲಿ ಒಂದೊಂದು ಕುಣಿಕೆಯ ಬಳುಕೂ ಗುಂಗುರಾಗಿ ಉಳಿದಿರುತ್ತದೆ. ಅಂಥ ನೂಲನ್ನು ಕಂಡರೆ ನೂಲಿನವರ ಕೈ ಸುಮ್ಮನಿರುವುದಿಲ್ಲ. ಅವಳ ಕೈಯೂ ತಾನಾಗಿಯೇ ಅದನ್ನು ಲಡಿ ಸುತ್ತಿತು, ಬಿಸಿ ನೀರಿನಲ್ಲಿ ಅದ್ದಿತು, ಕೆಳಗೆ ತೂಕ ಕಟ್ಟಿ ಹಗ್ಗಕ್ಕೆ ನೇತುಹಾಕಿತು. ಒಣಗಿದಾಗ ನೂಲು ಇವತ್ತೇ ಅಂಗಡಿಗೆ ಬಂದ ಹಾಗೆ ನೆಟ್ಟಗಿತ್ತು. ಅದನ್ನು ಮುಟ್ಟಿ ಅವಳು ಸಂತೋಷಪಟ್ಟಳು.

ಡ್ರೈವರಣ್ಣ ಬರಹೇಳಿದ ದಿನಕ್ಕಿಂತ ಮೊದಲೇ ಬಂದರು. "ಈ ಕಡೆ ಬಂದಿದ್ದೆ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ." ಬೇರೆ ಯಾವ ಕೆಲಸವೂ ಆ ಕಡೆ ಇರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ತೋಳು ಮಣಿಕಟ್ಟಿನವರೆಗೆ ಇಳಿದಿತ್ತು. ಬಣ್ಣದಕ್ಕ ಅದನ್ನು ಮೇಜಿನ ಮೇಲೆ ಹರವಿ, ಕೈಯಿಂದ ಸವರಿ, ಸೊಂಟದ ಮೇಲೆ ಕೈಯಿಟ್ಟಳು. "ಜೋಡಣೆ ಎಲ್ಲಿದೆ ತೋರಿಸಿ ನೋಡೋಣ ಅಣ್ಣಾ."

ಅವರು ಬಗ್ಗಿ ನೋಡಿದರು. ಹೆಬ್ಬೆರಳನ್ನು ಮೊಣಕೈಯಿಂದ ಕೆಳಗೆ ಮೆಲ್ಲಗೆ ಎಳೆದರು. ಮತ್ತೆ ಮೇಲಿನಿಂದ ಎಳೆದರು. ತೋಳನ್ನು ಮಗುಚಿ ಒಳಮೈ ನೋಡಿದರು.

"ಸಿಗಲ್ಲ ಬಿಡಿ," ಅಂದಳು ಅವಳು, ನಗುತ್ತ.

"ಅದೆಲ್ಲಿ?" ಅಂದರು.

"ಯಾವುದಣ್ಣಾ?"

"ಸಡಿಲ ಇತ್ತಲ್ಲ, ಇಲ್ಲಿ. ಅದು."

"ಅದನ್ನ ಬಿಚ್ಚಿ ಸರಿ ಮಾಡ್ದೆ."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳು ಅವರ ಮುಖ ನೋಡಿದಳು. ಸೊಂಟದ ಮೇಲಿನ ಕೈ ಕೆಳಗಿಳಿಸಿದಳು.

ಡ್ರೈವರಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಪಕ್ಕದ ಸ್ಟೂಲಿನ ಮೇಲೆ ಕೂತು, ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅವಳ ಬಲಗೈ ಬಿದ್ದೋಗಿತ್ತು ಅಮ್ಮಾ," ಅಂದರು. "ಒಂದು ಕಡೆ ಮೈಯೇ ಸ್ವಾಧೀನ ಇರ್ಲಿಲ್ಲ. ಆದ್ರೂ ಮುಗಿಸ್ತೀನಿ ಅಂತ ಹಠ. ಬಲಗಡೆ ಕಡ್ಡೀನ ನಾನು ಹಿಡ್ಕೋತಿದ್ದೆ. ಅವಳು ಎಡಗೈಲೇ ಕುಣಿಕೆ ತಂದು ಅದಕ್ಕೆ ಸಿಕ್ಕಿಸಿ, ಅದೇ ಕೈಲಿ ನೂಲು ಸುತ್ತಿ, ಆಮೇಲೆ ದಾಟಿಸ್ತಿದ್ಲು. ಮಾತೂ ಸರಿಯಾಗಿ ಬರ್ತಿರ್ಲಿಲ್ಲ. ನಾನು ಅಲುಗಿದ್ರೆ ಮಾತ್ರ ಗದರೋಳು, ಅದು ಚೆನ್ನಾಗೇ ಬರ್ತಿತ್ತು." ಕಿಟಕಿಯ ಕಡೆ ನೋಡಿದರು. "ಒಂದು ಸಾಲು ಆಗೋಷ್ಟ್ರಲ್ಲಿ ಬಿಸಿಲು ಕಿಟಕಿ ಬಿಟ್ಟು ಹೋಗಿರೋದು. ಅಷ್ಟು ವರ್ಷ ಮನೇಲಿ ಅವಳ ಪಕ್ಕ ಅಷ್ಟು ಹೊತ್ತು ನಾನು ಯಾವತ್ತೂ ಕೂತೋನಲ್ಲ. ಬರೀ ಡ್ಯೂಟಿ. ಕೂತಿದ್ದು ಅಂದ್ರೆ ಅಷ್ಟೇ, ಆ ಸಡಿಲ ಸಾಲು ಇದ್ದಷ್ಟೇ."

ಬಣ್ಣದಕ್ಕ ತನ್ನ ಕೈ ನೋಡಿಕೊಂಡಳು. ಎಷ್ಟೋ ಜನರ ಹೆಣಿಗೆಯನ್ನು ಬಿಚ್ಚಿದ ಕೈ ಅದು, ಆವತ್ತು ತನ್ನದೇ ಕೈಯನ್ನು ನೋಡಲು ಅವಳಿಗೆ ಹೇಸಿಗೆಯಾಯಿತು. ಆಕೆಯ ಕೈಯ ಗುರುತಾಗಿ ಕೊನೆಗೆ ನೂಲಿನಲ್ಲಿ ಆ ಗುಂಗುರಾದರೂ ಉಳಿದಿತ್ತು, ಅದನ್ನೂ ಬಿಸಿ ನೀರಿಗೆ ಹಾಕಿ, ತೂಕ ಕಟ್ಟಿ, ಒಂದಿಷ್ಟೂ ಬಿಡದೆ ಎಳೆದು ತೆಗೆದಿದ್ದಳು.

"ನೀವು ಹೇಳೋಕೆ ಬಂದ್ರಿ. ನಾನು ಬಿಡಲಿಲ್ಲ," ಅಂದಳು. "ತಪ್ಪಾಯ್ತಣ್ಣಾ. ಇದಕ್ಕೆ ರಿಪೇರಿ ಇಲ್ಲ."

ಅವರು ತಲೆಯಾಡಿಸಿದರು. ಇಲ್ಲ ಎಂದೋ, ಹೌದು ಎಂದೋ, ಅವಳಿಗೆ ತಿಳಿಯಲಿಲ್ಲ.

ಅಷ್ಟು ಹೊತ್ತು ಒಳಗೆ ನಿಂತು ಕೇಳುತ್ತಿದ್ದ ಗಂಡ ಹೊರಗೆ ಬಂದ. ಅವನ ಕೈಯಲ್ಲಿ ಮೇಜಿನ ಅಂಚಿಗೆ ಕಚ್ಚಿಸುವ ಮರದ ಕ್ಲಾಂಪು ಇತ್ತು, ಒಂದೇ ಕೈಯಲ್ಲಿ ಹೆಣೆಯುವವರಿಗೆಂದು ಹಿಂದೆ ಯಾವಾಗಲೋ ಮಾಡಿದ್ದು. ದುಃಖದಲ್ಲಿರುವವರ ಎದುರು ಏನು ಮಾಡಬೇಕೆಂದು ತಿಳಿಯದ ಗಂಡಸರು ಯಾವುದಾದರೂ ಸಾಮಾನು ಹುಡುಕಿ ತರುತ್ತಾರೆ. "ಇದು ಇತ್ತು ನಮ್ಮ ಹತ್ರ. ಕಡ್ಡೀನ ಇದೇ ಹಿಡ್ಕೊಳ್ಳುತ್ತೆ. ಗೊತ್ತಿದ್ರೆ ಕೊಟ್ಟು ಕಳಿಸ್ತಿದ್ದೆ," ಅಂದ.

"ಅವಳೂ ಕೇಳಿದ್ಲು, ಅಂಗಡೀಲಿ ಇಂಥದ್ದೊಂದಿದೆ ತಂದ್ಕೊಡಿ ಅಂತ," ಅಂದರು ಡ್ರೈವರಣ್ಣ. "ಅದ್ಯಾಕೆ, ನಾನಿಲ್ವಾ ಅಂದೆ."

ಗಂಡ ಕ್ಲಾಂಪನ್ನು ಬೆನ್ನ ಹಿಂದೆ ಹಿಡಿದುಕೊಂಡ.

ಬಣ್ಣದಕ್ಕ ಎದ್ದು ತೋಳನ್ನು ಅವರ ತೊಡೆಯಿಂದ ಎತ್ತಿಕೊಂಡಳು. ಕಡ್ಡಿ ತೆಗೆದಳು. ತಾನು ಹಾಕಿದ ಸಾಲುಗಳನ್ನು, ಯಾರ ಕಣ್ಣಿಗೂ ಜೋಡಣೆ ಸಿಗದ ಆ ಸಾಲುಗಳನ್ನು, ಒಂದೊಂದಾಗಿ ಬಿಚ್ಚಿದಳು. ಹೊಸ ನೂಲನ್ನು ಬೇರೆ ಮಾಡಿ ಪಕ್ಕಕ್ಕಿಟ್ಟಳು. ಹಳೆಯದನ್ನು ಉಂಡೆ ಸುತ್ತಿದಳು, ಈ ಸಲ ಅದರ ಗುಂಗುರನ್ನು ಮುಟ್ಟಲಿಲ್ಲ. ಆಕೆಯ ಕೈ ಗಟ್ಟಿಯಿದ್ದಾಗ ಹಾಕಿದ ಕೊನೆಯ ಸಾಲಿನ ಕುಣಿಕೆಗಳನ್ನು ಆಕೆಯದೇ ಕಡ್ಡಿಗೆ ಏರಿಸಿದಳು. ಆಮೇಲೆ ಇನ್ನೊಂದು ಕಡ್ಡಿಯನ್ನು ಡ್ರೈವರಣ್ಣನ ಮುಂದೆ ಚಾಚಿದಳು.

"ಹಿಡ್ಕೊಳ್ಳಿ. ಅವರು ಹೇಗೆ ಹಾಕ್ತಿದ್ರು ಹೇಳ್ಕೊಡಿ."

ಅವರು ಕಡ್ಡಿಯನ್ನು ನೋಡಿದರು. "ಇದು ಅವಳು ಹಾಕಿದ್ದು ಆಗಲ್ಲ ಅಮ್ಮಾ."

"ಆಗಲ್ಲ," ಅಂದಳು ಅವಳು.

ಅವರು ಕಡ್ಡಿ ಹಿಡಿದರು. ಸ್ಟೂಲನ್ನು ಹತ್ತಿರ ಎಳೆದುಕೊಂಡು, ಮೊಣಕೈಯನ್ನು ಮಂಡಿಗೆ ಊರಿ, ಅಭ್ಯಾಸವಿದ್ದವರ ಹಾಗೆ ಕೂತರು. ವರ್ಷಗಟ್ಟಲೆ ಸ್ಟೇರಿಂಗು ಹಿಡಿದ ಕೈ, ಒಂದಿಷ್ಟೂ ಅಲುಗಲಿಲ್ಲ. ಬಣ್ಣದಕ್ಕ ಬಲಗೈಯನ್ನು ಮಡಿಲಲ್ಲಿ ಕೆಡವಿ ಎಡಗೈಯಿಂದ ಶುರು ಮಾಡಿದಳು. ಕುಣಿಕೆಯನ್ನು ತಂದು ಅವರ ಕಡ್ಡಿಗೆ ಸಿಕ್ಕಿಸಬೇಕು. ಕೈಯಲ್ಲಿದ್ದ ಕಡ್ಡಿಯನ್ನು ಮಡಿಲಿಗೆ ಬಿಟ್ಟು, ನೂಲು ಹುಡುಕಿ, ಸುತ್ತಬೇಕು. ಮತ್ತೆ ಕಡ್ಡಿ ಎತ್ತಿ ದಾಟಿಸಬೇಕು. ಅಷ್ಟರಲ್ಲಿ ನೂಲು ಜಾರಿ ಸಡಿಲವಾಗುತ್ತಿತ್ತು. ಬಿಗಿ ಮಾಡಲು ಇನ್ನೊಂದು ಕೈ ಇಲ್ಲ. ಮೊದಲ ಕುಣಿಕೆ ತಪ್ಪಿತು. ಎರಡನೇ ಸಲವೂ ತಪ್ಪಿತು. ಅವಳ ಬಲಗೈ ತಾನೇ ಎದ್ದು ಬಂತು.

"ಅದನ್ನ ತರ್ಬೇಡಿ," ಅಂದರು ಡ್ರೈವರಣ್ಣ.

ಅವಳು ಅದನ್ನು ಕೆಳಗಿಟ್ಟಳು. ಹೆಣಿಗೆಯಲ್ಲಿ ಪಳಗಿದವಳು ಮೂರು ಕುಣಿಕೆ ದಾಟಿಸುವಷ್ಟರಲ್ಲಿ ಬೆವರಿದಳು. ಆಗ ಅವಳಿಗೆ ಆ ಅಂಗೈ ಅಗಲದ ತುಂಡು ಎಂಥದ್ದಾಗಿತ್ತು ಎಂದು ನಿಜವಾಗಿ ಗೊತ್ತಾಯಿತು, ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗಿರಾಕಿಯೊಬ್ಬಳು ಬಾಗಿಲಿಗೆ ಬಂದಳು, ಗಂಡ ಆಮೇಲೆ ಬನ್ನಿ ಎಂದು ಕಳಿಸಿದ. ಅಷ್ಟು ದೊಡ್ಡ ಮಾತು ಅವನು ತಾನಾಗಿ ಆಡಿದ್ದನ್ನು ಯಾರೂ ಗಮನಿಸಲಿಲ್ಲ.

ಸಾಲು ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಕುಣಿಕೆಗಳು ಒಂದು ಹಿಗ್ಗಿ, ಒಂದು ಕುಗ್ಗಿ, ಸೊಟ್ಟಸೊಟ್ಟಗೆ ಕೂತಿದ್ದವು. ಡ್ರೈವರಣ್ಣ ಹೆಬ್ಬೆರಳಿನಿಂದ ಅದನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು.

"ಅವಳು ಇಷ್ಟು ಹೊತ್ತು ತಗೋತಿರ್ಲಿಲ್ಲ," ಅಂದರು.

"ಇಲ್ಲ ಅಣ್ಣಾ. ಅವರ ಕೈ ನನಗಿಂತ ಚೆನ್ನಾಗಿತ್ತು."

"ಅಂಗೈ ಅಗಲ ಆದ್ಮೇಲೆ ಹೊಸ ನೂಲು ಹಾಕಿ. ಗೆರೆ ಕಂಡ್ರೆ ಕಾಣ್ಲಿ."

"ಹೂಂ. ಕಾಣೋ ಹಾಗೇ ಹಾಕ್ತೀನಿ."

ಅವರು ಎದ್ದು, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಬಾಗಿಲ ಹತ್ತಿರ ನಿಂತು ತಿರುಗಿದರು. ಈ ಸಲ ಬಣ್ಣದಕ್ಕ ಬಾಯಿ ಮುಚ್ಚಿಕೊಂಡು ಕಾದಳು.

"ನಾಳೆ ಬರ್ತೀನಿ," ಅಂದರು. "ಕಡ್ಡಿ ತೆಗೀಬೇಡಿ."

"ತೆಗೆಯಲ್ಲ ಅಣ್ಣಾ," ಅಂದಳು ಅವಳು.