ಹೊಳೆದಂಡೆಯ ಕಟ್ಟಿಗೆ

“ಅಯ್ಯ ಶಿವನ, ಎಷ್ಟು ಕಟಗಿ! ಇವರ ಮನ್ಯಾಗ ಒಲಿ ಆರೂದೇ ಇಲ್ಲೇನ?”

ಬಸ್ಸಿನ ಕಿಟಕಿಗೆ ಮೂಗು ಹಚ್ಚಿ ಗುರುಶಾಂತಮ್ಮ ಹೀಗಂದಾಗ ಹಿಂದಿನ ಸೀಟಿನವರೆಲ್ಲ ನಕ್ಕರು. ನಗಲಿ ಬಿಡಿ. ನೆಲೋಗಿಯಲ್ಲಿ ಹುಟ್ಟಿ, ನೆಲೋಗಿಯಲ್ಲೇ ಲಗ್ನವಾಗಿ, ತೊಗರಿಕಟ್ಟಿಗೆ, ಕುಳ್ಳು ಉರಿಸಿ ಮೂವತ್ತು ವರ್ಷ ರೊಟ್ಟಿ ಬಡಿದವಳು ಅವಳು. ತೊಡೆಗಾತ್ರದ ಕಟ್ಟಿಗೆ ಆಳೆತ್ತರ ಒಟ್ಟಿದ್ದು ಕಂಡರೆ ಆಸೆಪಡದೆ ಇನ್ನೇನು ಮಾಡಿಯಾಳು? ಎಂಟು ದಿನದ ದಾರಿಯಲ್ಲಿ ಅವಳ ಮನಸ್ಸಿಗೆ ಬಂದ ಮೊದಲ ಊರೆಂದರೆ ಈ ಕಾಠ್ಮಂಡುವೇ.

ಆಳಂದದ ಬಟ್ಟೆ ವ್ಯಾಪಾರಿ ದೇವೀಂದ್ರಪ್ಪ ತನ್ನದೇ ಬಸ್ಸಿನಲ್ಲಿ, ಪಶುಪತಿನಾಥನ ಶಿವರಾತ್ರಿಗೆಂದು ನಲವತ್ತು ಮಂದಿಯನ್ನು ಹೊರಡಿಸಿದ್ದ. ಗಡಿ ದಾಟಿ ಘಾಟು ಹತ್ತುವಾಗ ಬಸ್ಸಿನ ಗಾಲಿ ಕೆಸರಿನಲ್ಲಿ ಹೂತಿತು. ಡ್ರೈವರ್ ಮುರ್ತುಜಾ ಸಲಿಕೆ ಹಿಡಿದು ಕೆಸರು ತೆಗೆದ. ಗುರುಶಾಂತಮ್ಮನ ಗಂಡ ಶಿವರಾಯ, ಬೇಡವೆಂದರೂ ಕೇಳದೆ, ಜಿಟಿಜಿಟಿ ಮಳೆಯಲ್ಲಿ ಇಳಿದು ಬಸ್ಸು ನೂಕಿದ. ಅವತ್ತು ಹಿಡಿದ ಜ್ವರ ಬಿಟ್ಟಿಲ್ಲ. ಈಗ ಉಸಿರು ಎಳೆದರೆ ಎದೆಯೊಳಗೆ ಸೀಟಿ ಊದಿದ ಹಾಗೆ ಸಪ್ಪಳ.

ಧರ್ಮಶಾಲೆಯ ಕೋಣೆ ಸಣ್ಣದು, ಕಿಟಕಿ ಇನ್ನೂ ಸಣ್ಣದು. ಹಣಕಿ ನೋಡಿದರೆ ನಾಲ್ಕೂ ಕಡೆ ಗುಡ್ಡ. ನೆಲೋಗಿಯ ಎರೆಹೊಲದಲ್ಲಿ ನಿಂತರೆ ಕಣ್ಣು ಸೋಲುವವರೆಗೆ ಬಯಲು. ಇಲ್ಲಿ ನೋಟ ಹೊರಟಷ್ಟೇ ಬೇಗ ತಿರುಗಿ ಬರುತ್ತಿತ್ತು. ಮುಂಜಾನೆ ಬಂದ ಡಾಕ್ಟರು ಸೂಜಿ ಚುಚ್ಚಿ, ದೇವೀಂದ್ರಪ್ಪನನ್ನು ಹೊರಗೆ ಕರೆದು ಏನೋ ಹೇಳಿ ಹೋಗಿದ್ದ. ಲಿಂಗಪೂಜೆ ಆಗದೆ ಬಾಯಿಗೆ ತುತ್ತು ಇಡುವವನಲ್ಲ ಶಿವರಾಯ. ಪೂಜೆಗೆ ಹೊಳೆಯ ನೀರು ತರುತ್ತೇನೆಂದು ಗುರುಶಾಂತಮ್ಮ ತಂಬಿಗೆ ಹಿಡಿದು ಹೊರಟಳು.

ಹೊಳೆದಂಡೆಯಲ್ಲಿ ಅದೇ ಕಟ್ಟಿಗೆ. ಒಬ್ಬ ದೊಡ್ಡ ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದ. ತಲೆ ಬೋಳಿಸಿಕೊಂಡ ಹುಡುಗರಿಬ್ಬರು ಹೊತ್ತುಕೊಂಡು ಮೆಟ್ಟಿಲಿಳಿದರು. ಅವರ ಹಿಂದೆಯೇ ಇಳಿದವಳಿಗೆ ಕೆಳಗೆ ಉರಿ ಕಾಣಿಸಿತು. ಉರಿಯೊಳಗಿಂದ ಹೊರಬಿದ್ದ ಎರಡು ಪಾದ ಕಾಣಿಸಿದವು. ಥೂ, ಇದಕ್ಕೇನು ತಾನು ಆಸೆಪಟ್ಟದ್ದು!

ಅತ್ತ ಮುಖ ತಿರುಗಿಸಿದರೆ, ಇಳಿಜಾರು ಬಂಡೆಯ ಮೇಲೆ ಒಬ್ಬ ಮುದುಕನನ್ನು ಮಲಗಿಸಿದ್ದರು. ಕಾಲು ನೀರಿನಲ್ಲಿ. ಬಾಯಿಗೆ ಯಾರೋ ಹನಿ ಬಿಡುತ್ತಿದ್ದರು. ಮುದುಕ ಕಣ್ಣು ತೆರೆದು ಅವಳನ್ನು ನೋಡಿದ.

“ಜೀವ ಅದ! ಇನ್ನಾ ಜೀವ ಅದ್ರೆಪಾ!” ಎಂದು ಚೀರಿದಳು. ಒಬ್ಬರೂ ತಿರುಗಿ ನೋಡಲಿಲ್ಲ.

ಬರಿ ತಂಬಿಗೆ ಹಿಡಿದು ಓಡಿ ಬಂದಳು. ಧರ್ಮಶಾಲೆಯ ಬಾಗಿಲಲ್ಲಿ ಅಲ್ಲಿಯ ಮುನೀಮನೊಂದಿಗೆ ದೇವೀಂದ್ರಪ್ಪ ನಿಂತಿದ್ದ.

“ಅಕ್ಕಾ, ಇವರು ಹೇಳ್ತಾರ, ಹೊಳಿ ದಂಡಿಗೆ ಒಂದು ಮನಿ ಅದ ಅಂತ. ಜಡ್ಡಿನವರನ್ನ ಅಲ್ಲಿ ಇಡ್ತಾರಂತ. ಇಲ್ಲಿ ಜೀವ ಹೋದ್ರ ಕೈಲಾಸನೇ ಅಂತಾರ.”

“ನಮ್ಮಲ್ಲಿ ಸುಡೂದಿಲ್ಲ ಸಾವ್ಕಾರ್ರ. ನೀವೂ ಲಿಂಗ ಕಟ್ಟಿದವರೇ ಅದೀರಿ. ಕೂಡಿಸಿ, ಅಂಗೈಯಾಗ ಲಿಂಗ ಇಟ್ಟು ಮಣ್ಣು ಕೊಡ್ತೀವಿ. ನಮ್ಮನ್ನ ಊರಿಗೆ ಕಳಸ್ರಿ.”

“ನಾಡಿದ್ದು ಶಿವರಾತ್ರಿ. ಒಬ್ಬರ ಸಲುವಾಗಿ ನಲವತ್ತು ಮಂದಿ ದರ್ಶನ ಬಿಡಲಾ? ಈ ಪರದೇಶದಾಗ ಮಣ್ಣಿಗೆ ಜಾಗಾ ಯಾರು ಕೊಡ್ತಾರ, ನೀನೇ ಹೇಳು. ನೋಡೂಣು, ಶಿವ ದೊಡ್ಡಾಂವ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಒಳಗೆ ಹೋಗಿಬಿಟ್ಟ ಪುಣ್ಯಾತ್ಮ. ಗುರುಶಾಂತಮ್ಮನಿಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೋಣೆಗೆ ಬಂದಳು. ಶಿವರಾಯ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದ.

“ಗುರುಶಾಂತಾ, ಏನೋ ಸುಟ್ಟ ವಾಸನಿ ಬರಾಕತ್ತದ.”

“ಯಾರದೋ ಮನ್ಯಾಗ ಅಡಗಿ ನಡದಿರಬೇಕ್ರಿ” ಎಂದು ಕಿಟಕಿ ಮುಚ್ಚಿದಳು. ಗಂಡನ ಮುಂದೆ ಸುಳ್ಳಾಡಿ ಅಭ್ಯಾಸವಿರಲಿಲ್ಲ.

ಅಂಗಳದಲ್ಲಿ ಮುರ್ತುಜಾ ಬಸ್ಸಿನ ಗಾಜು ಒರೆಸುತ್ತಿದ್ದ. ಆಳಂದದವನೇ, ಮೂವತ್ತೈದರ ಗಂಡಸು. ಅವಳು ಹೊಳೆದಂಡೆಯಲ್ಲಿ ಕಂಡದ್ದನ್ನೆಲ್ಲ ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವನು ಅರಿವೆ ಹಿಂಡಿ ಬಸ್ಸಿನ ಕನ್ನಡಿಗೆ ನೇತುಹಾಕಿದ.

“ನಮ್ಮದೂ ಮಣ್ಣೇ ಯವ್ವಾ” ಎಂದ ಕಡೆಗೆ. “ಕಾಕಾ ಆವತ್ತು ಬಸ್ ನೂಕಾಕ ಇಳೀಲಿಲ್ಲಂದ್ರ ಹಿಂಗ ಆಗ್ತಿರಲಿಲ್ಲ. ಸಂಜಿಗೆ ಹೊಂಟ್ರ ನಸುಕಿಗೆ ಗಡಿ ಮುಟ್ಟಿಸ್ತೇನಿ. ಅಲ್ಲಿಂದ ರೈಲು ಅದ. ಶಿವರಾತ್ರಿಗೆ ನಾ ತಿರುಗಿ ಬರ್ತೇನಿ, ಇವರದೇನೂ ನಿಂದರೂದಿಲ್ಲ.”

“ಸಾವ್ಕಾರ ನಿನ್ನ ನೌಕರಿಯಿಂದ ತೆಗದಾನಲ್ಲೋ ತಮ್ಮಾ?”

“ತೆಗೀಲಿ.”

ಸಂಜೆ ಎಲ್ಲರೂ ಆರತಿಗೆ ಹೋದಾಗ ಮುರ್ತುಜಾ ಶಿವರಾಯನನ್ನು ಎತ್ತಿ ತಂದು ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದ. ಹೊಳೆಯ ಮೇಲೆ ಹೊಗೆ ಇಳಿದಿತ್ತು. ಶಿವರಾಯನ ಎದೆಯ ಸೀಟಿ ಒಮ್ಮೆ ನಿಂತು, ಅವಳು ಹೆಸರು ಹಿಡಿಯದೆ “ಏನ್ರೀ” ಎಂದು ಕೂಗಿದ ಮೇಲೆ ಮತ್ತೆ ಶುರುವಾಯಿತು.

ಮುರ್ತುಜಾ ಏಣಿ ಹತ್ತಿ ಬಸ್ಸಿನ ಟಪ್ಪಿನ ಮೇಲಿಂದ ಏನೋ ಬಿಚ್ಚಿ ಇಳಿಸಿದ. ಘಾಟಿನ ಕೆಸರು ಇನ್ನೂ ಒಣಗಿ ಅಂಟಿಕೊಂಡಿದ್ದ ಸಲಿಕೆ. ಅವಳ ಮುಖ ನೋಡದೆ ಅದನ್ನು ಸೀಟಿನ ಕೆಳಗೆ ನೂಕಿದ. ಗುರುಶಾಂತಮ್ಮ ಕಾಲು ಸರಿಸಿ ಜಾಗ ಮಾಡಿಕೊಟ್ಟಳು.